ಮಡಿಯಲ್ಲಿ ಕುಳಿತ ವಾಷಿಂಗ್ ಮಷಿನ್

ಮನೆಗೆ ಬೇಕಾದ ಯಂತ್ರಗಳನ್ನು ಆರಿಸುವುದರಲ್ಲಿ ನನ್ನನ್ನು ಮೀರಿಸಿದವರು ಮುಂಬಯಿಯ ಕಾಂದಿವಲಿಯಲ್ಲಂತೂ ಇಲ್ಲ. ಇದನ್ನು ಜಂಬಕ್ಕಾಗಿ ಹೇಳುತ್ತಿಲ್ಲ, ಮಾಹಿತಿಗಾಗಿ ಹೇಳುತ್ತಿದ್ದೇನೆ. ನಮ್ಮ ಬಿಲ್ಡಿಂಗಿನಲ್ಲಿ ಯಾರೇ ಫ್ರಿಜ್ ಕೊಳ್ಳಲಿ, ಮಿಕ್ಸಿ ಕೊಳ್ಳಲಿ, ಅದಕ್ಕೂ ಮುಂಚೆ ಲಿಫ್ಟಿನಲ್ಲಿ ನನ್ನ ಕೈಗೆ ಸಿಗದಂತೆ ಎಚ್ಚರ ವಹಿಸುತ್ತಾರೆ. ಸಿಕ್ಕಿದರೆ ಏಳನೆಯ ಮಹಡಿಯವರೆಗೂ ನನ್ನ ಸಲಹೆ ಉಚಿತ.

ಅಂಥ ನಾನು ಈ ಶ್ರಾವಣಕ್ಕೆ ಒಂದು ವಾಷಿಂಗ್ ಮಷಿನ್ ಕೊಂಡೆ. ಕಾರಣ ನಮ್ಮ ಅತ್ತೆ.

ಅತ್ತೆ ಎಂದರೆ ನನ್ನ ಹೆಂಡತಿ ಪದ್ಮಳ ತಾಯಿ. ಮೈಸೂರಿನವರು. ಅವರದು ಕಟ್ಟುನಿಟ್ಟಾದ ಮಡಿ. ಒಗೆದ ಮೇಲೆ ಯಾರೂ ಮುಟ್ಟದಂತೆ ಒಣಗಿದ ಸೀರೆಯನ್ನುಟ್ಟೇ ಅವರು ಒಲೆ ಹಚ್ಚುವುದು. ಮೈಸೂರಿನಲ್ಲಿ ಇದಕ್ಕೇನೂ ಅಡ್ಡಿಯಿಲ್ಲ. ಮಹಡಿಯ ಮೇಲೆ ಗಳುವಿಗೆ ಹಾಕಿದರೆ ಬಿಸಿಲು ತನ್ನ ಕೆಲಸ ತಾನು ಮಾಡುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಒಣಗುವುದು ಬಾಯಿ ಮಾತ್ರ. ಹಿಂದೊಂದು ಸಲ ಇದೇ ಕಾಲದಲ್ಲಿ ಬಂದಿದ್ದ ಅತ್ತೆ, ಒಣಗದ ಸೀರೆಯನ್ನೇ ಉಟ್ಟು ಅಡುಗೆ ಮಾಡಿ, ನೆಗಡಿ ಹತ್ತಿ, ಜ್ವರ ಏರಿ, ವರಮಹಾಲಕ್ಷ್ಮಿ ಹಬ್ಬದ ದಿನ ಗಂಜಿ ಕುಡಿದು ಮಲಗಿದ್ದರು. ಆ ಮಳೆಯ ಹೊಣೆಯನ್ನು ಪದ್ಮ ಪೂರ್ತಿಯಾಗಿ ನನ್ನ ಮೇಲೆ ಹಾಕಿದ್ದಳು.

“ಈ ಸಲ ಅಮ್ಮ ಹಬ್ಬಕ್ಕೆ ಬರ್ತಿದಾರೆ. ಅವರ ಕೈಯಲ್ಲೇ ನೈವೇದ್ಯ ಆಗ್ಬೇಕು. ಮತ್ತೆ ಜ್ವರ ಬಂತೂಂದ್ರೆ ನಾನು ಇನ್ಯಾವತ್ತೂ ಅವರನ್ನ ಇಲ್ಲಿಗೆ ಕರೆಯೋಲ್ಲ” ಎಂದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು. ನನಗೂ ನಿಜವಾಗಿ ಸಂಕಟವಾಯಿತು.

“ನೀನು ಚಿಂತೆ ಬಿಡು. ಇದು ಬಟ್ಟೆಯ ಸಮಸ್ಯೆ ಅಲ್ಲ, ಯಂತ್ರದ ಆಯ್ಕೆಯ ಸಮಸ್ಯೆ” ಎಂದೆ.

ಅಂಗಡಿಯಲ್ಲಿ ನಾನು ಬೆಲೆ ಕೇಳಲಿಲ್ಲ, ಕರೆಂಟು ಎಷ್ಟು ತಿನ್ನುತ್ತದೆಂದು ಕೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದೆ. ಒಳಗೆ ಹಾಕಿದ ಒದ್ದೆ ಬಟ್ಟೆ ಯಾರ ಕೈಯೂ ತಾಗದೆ ಗರಿಗರಿಯಾಗಿ ಹೊರಗೆ ಬರುತ್ತದೆಯೆ? ಅಂಗಡಿಯವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಒಗೆದು ತಾನೇ ಒಣಗಿಸುವ, ಮುಂದೆ ದುಂಡನೆಯ ಗಾಜಿನ ಬಾಗಿಲಿರುವ ಮಷಿನಿನ ಮೇಲೆ ಕೈಯಿಟ್ಟು, “ಸಾಬ್, ಏಕ್ ದಮ್ ಅನ್‌ಟಚ್ಡ್. ಗೀಲಾ ಡಾಲೊ, ಸೂಖಾ ನಿಕಾಲೊ” ಎಂದ. ಶಾಸ್ತ್ರಕ್ಕೂ ವಿಜ್ಞಾನಕ್ಕೂ ಸಂಧಿಯಾದದ್ದು ಅಲ್ಲೇ, ಆ ಅಂಗಡಿಯಲ್ಲೇ.

ಮಷಿನ್ ಬಂದು, ಬಟ್ಟೆ ಒಣಹಾಕುವ ನಮ್ಮ ಡ್ರೈ ಬಾಲ್ಕನಿಯಲ್ಲಿ ಕುಳಿತಿತು. ಎರಡು ದಿನ ಬಿಟ್ಟು ಅತ್ತೆ ಬಂದರು. ಚೀಲ ಕೆಳಗಿಡುವ ಮೊದಲೇ ನಾನು ಅವರನ್ನು ಮಷಿನಿನ ಮುಂದೆ ನಿಲ್ಲಿಸಿ ವಿವರಿಸಿದೆ. ಅತ್ತೆ ಮೂಗಿನ ಮೇಲೆ ಬೆರಳಿಟ್ಟು ಕೇಳಿಸಿಕೊಂಡರು. ಆಮೇಲೆ ವಿಚಾರಣೆ ಶುರುವಾಯಿತು.

“ಇದರೊಳಗೆ ಇನ್ಯಾರ್ಯಾರ ಬಟ್ಟೆ ಹೋಗಿದೆ?”

“ಯಾರದ್ದೂ ಇಲ್ಲ ಅತ್ತೆ. ಹೊಚ್ಚ ಹೊಸದು.”

“ಈ ಬಾಗಿಲಿನ ಸುತ್ತ ಇರೋದು ತೊಗಲಾ?”

“ರಬ್ಬರು. ಮರದ ಹಾಲು.”

“ಗುಂಡಿ ಒತ್ತೋರು ಯಾರು?”

“ನಾನು. ಗುಂಡಿ ಹೊರಗಿದೆ, ಸೀರೆ ಒಳಗಿದೆ. ಪೋಸ್ಟಿನವನು ಲಕೋಟೆ ಮುಟ್ಟಿದ ಮಾತ್ರಕ್ಕೆ ಕಾಗದ ಮುಟ್ಟಿದ ಹಾಗಾಯ್ತೇ?”

ಈ ಉತ್ತರ ಅತ್ತೆಗೆ ಹಿಡಿಸಿತು. ಆದರೂ ಕೆಲವು ಷರತ್ತುಗಳನ್ನು ಹಾಕಿದರು. ಸೀರೆಯನ್ನು ಒಳಗೆ ಹಾಕುವುದೂ ಹೊರಗೆ ತೆಗೆಯುವುದೂ ಅವರೇ. ಮೂರು ನೀರಿನಲ್ಲಿ ಜಾಲಿಸಬೇಕು. ನಾನು ಸ್ನಾನ ಮಾಡಿದ ಮೇಲೆಯೇ ಗುಂಡಿಗೆ ಕೈ ಹಚ್ಚಬೇಕು. ಕೊನೆಯದಾಗಿ, ಸೋಪಿನ ಪುಡಿ ಹಾಕುವ ಡ್ರಾಯರಿನಲ್ಲಿ ಒಂದು ಉದ್ಧರಣೆ ಗಂಗಾಜಲ. ಎಲ್ಲಕ್ಕೂ ಒಪ್ಪಿದೆ. ಮರುದಿನ ಸೀರೆ ಬಿಸಿಬಿಸಿಯಾಗಿ, ಹಪ್ಪಳದಂತೆ ಹೊರಗೆ ಬಂತು. ಅತ್ತೆ ಅದನ್ನುಟ್ಟು ಮಾಡಿದ ಮೆಣಸಿನ ಸಾರು ಕುಡಿಯುತ್ತ ನಾನು ಪದ್ಮಳ ಕಡೆ ಒಂದು ನೋಟ ಬೀರಿದೆ. ಅವಳು ಅದನ್ನು ಗಮನಿಸದವಳಂತೆ ಪಲ್ಯ ಬಡಿಸಿದಳು.

ಸಂಜೆ ಒಂದು ಸಣ್ಣ ತೊಡಕು ಕಾಣಿಸಿಕೊಂಡಿತು. ಪದ್ಮ ನಮ್ಮ ಬಟ್ಟೆಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಮಷಿನಿನ ಹತ್ತಿರ ಹೋದಳು. ಒಳಗಿನಿಂದ ಅತ್ತೆಯ ದನಿ ಬಂತು.

“ಪದ್ಮಾ, ಅದು ಮಡೀಲಿದೆ ಕಣೇ. ಮುಟ್ಟಬೇಡ.”

ಅಲ್ಲಿಗೆ ಮುಗಿಯಿತು. ಏಳು ಕಿಲೋ ಬಟ್ಟೆ ಒಗೆಯುವ ಶಕ್ತಿಯಿದ್ದ ಮಷಿನ್ ದಿನಕ್ಕೊಂದು ಸೀರೆ ಒಗೆದು, ಉಳಿದ ಹೊತ್ತೆಲ್ಲ ಬಾಲ್ಕನಿಯಲ್ಲಿ ಅನುಷ್ಠಾನಕ್ಕೆ ಕುಳಿತಂತೆ ಕುಳಿತಿರುತ್ತಿತ್ತು. ನಾನೂ ಪದ್ಮಳೂ ನಮ್ಮ ಬಟ್ಟೆಗಳನ್ನು ಬಕೆಟ್ಟಿನಲ್ಲಿ ಕೈಯಾರೆ ಒಗೆದೆವು. ಅವು ಹಾಲಿನಲ್ಲಿ, ಬೆಡ್‌ರೂಮಿನಲ್ಲಿ, ಟೀವಿಯ ಮೇಲೆ ನೇತಾಡಿದವು. ಯಾವುದೂ ಒಣಗಲಿಲ್ಲ. ನಾನು ಮುಗ್ಗಲು ವಾಸನೆಯ ಶರ್ಟು ತೊಟ್ಟು ಪರೇಲಿನ ಆಫೀಸಿಗೆ ಹೋಗತೊಡಗಿದೆ. ಬೆಳಗಿನ ಲೋಕಲ್‌ನಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲವೆಂದು ದೂರುವವರುಂಟು. ನನಗೆ ಆ ಎರಡು ವಾರ ಕೈಬೀಸಿಕೊಂಡು ನಿಲ್ಲುವಷ್ಟು ಜಾಗ ಸಿಕ್ಕಿತು.

“ಮಷಿನ್ ತಂದಿದ್ದು ಯಾಕೆ ಅಂತ ಒಂದ್ಸಲ ಹೇಳ್ತೀರಾ?” ಎಂದು ಪದ್ಮ ಒಂದು ದಿನ ಚಾದರ ಹಿಂಡುತ್ತ ಕೇಳಿದಳು.

“ಅತ್ತೆಗೆ ಒಂದು ಸೀನಾದರೂ ಬಂದಿದೆಯೇ?” ಎಂದೆ. ಯೋಜನೆ ಯಶಸ್ವಿಯಾಗಿತ್ತು. ಫಲಾನುಭವಿಗಳ ಪಟ್ಟಿಯಲ್ಲಿ ನಾವಿರಲಿಲ್ಲ, ಅಷ್ಟೇ.

ಹಬ್ಬದ ಶುಕ್ರವಾರ ಬಂತು. ಪೂಜೆಗೆ ಕೂರುವವಳು ಪದ್ಮ, ನೈವೇದ್ಯದ ಅಡುಗೆ ಅತ್ತೆಯದು. ಪದ್ಮ ಮಾಡಿದ ಹೋಳಿಗೆಯನ್ನು ದೇವರು ಒಪ್ಪಬಹುದು, ಅತ್ತೆ ಒಪ್ಪುವುದಿಲ್ಲ. ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಮಂಗಳಾರತಿ ಆಗಲೇಬೇಕು.

ಅತ್ತೆಯ ಬಳಿ ಇದ್ದದ್ದು ಎರಡು ಮಡಿಸೀರೆ. ಒಂದನ್ನು ಒಗೆಯಲು ಹಾಕಿದರೆ ಇನ್ನೊಂದನ್ನು ಮೈಮೇಲೆ ಅಥವಾ ಗಳುವಿನ ಮೇಲೆ ಇಟ್ಟುಕೊಳ್ಳುವುದು ಅವರ ಪದ್ಧತಿ. ಅಂದು ನಸುಕಿನಲ್ಲಿ ನಾನು, “ಹಬ್ಬದ ದಿನ ಎರಡನ್ನೂ ಹಾಕಿಬಿಡಿ ಅತ್ತೆ. ಈ ಮಷಿನಿಗೆ ಎರಡು ಸೀರೆ ಲೆಕ್ಕಕ್ಕೇ ಇಲ್ಲ” ಎಂದೆ. ಅತ್ತೆ ಅನುಮಾನಿಸಿದರು. ನಾನು ಒತ್ತಾಯಿಸಿದೆ. ಅವರು ಎರಡನ್ನೂ ಒಳಗೆ ಹಾಕಿ ಬಾಗಿಲು ದೂಡಿದರು. ನಾನು ದಿನದ ಗುಂಡಿಯನ್ನು ಬಿಟ್ಟು, ಹಿಂದಿನ ದಿನವಷ್ಟೇ ಕಂಡುಹಿಡಿದಿದ್ದ, ಹಬೆಯಲ್ಲಿ ಬೇಯಿಸಿ ಒಣಗಿಸುವ ವಿಶೇಷ ಗುಂಡಿಯನ್ನು ಒತ್ತಿದೆ. ಹಬ್ಬವಲ್ಲವೇ!

ಎಂಟು ಗಂಟೆಯ ಹೊತ್ತಿಗೆ, ಮುಗಿಯಲು ಇನ್ನು ಹತ್ತು ನಿಮಿಷ ಬಾಕಿಯೆಂದು ಮಷಿನ್ ತೋರಿಸಿತು. “ನೀವು ಸ್ನಾನ ಮುಗಿಸುವಷ್ಟರಲ್ಲಿ ಬಿಸಿ ಸೀರೆ ಸಿದ್ಧ” ಎಂದೆ. ಅತ್ತೆ ನನ್ನ ಮಾತು ನಂಬಿ ಬಾತ್‌ರೂಮಿಗೆ ಹೋದರು.

ನಾನು ಮಷಿನಿನ ಮುಂದೆ ಸ್ಟೂಲು ಹಾಕಿಕೊಂಡು ಕುಳಿತೆ. ಹತ್ತು ಹೋಗಿ ಒಂಬತ್ತಾಯಿತು, ಎಂಟಾಯಿತು. ಆಮೇಲೆ ಅದೇನನ್ನು ಯೋಚಿಸಿತೋ, ನಲವತ್ತಾಯಿತು.

“ಆಯ್ತಾ ಅಳಿಯಂದಿರೇ?” ಬಾತ್‌ರೂಮಿನಿಂದ ದನಿ.

“ಎರಡೇ ನಿಮಿಷ ಅತ್ತೆ.”

ಆದಷ್ಟೇ ಸಾಕು, ಮುಕ್ಕಾಲು ಒಣಗಿರುತ್ತದೆ ಎಂದು ನಿಲ್ಲಿಸುವ ಗುಂಡಿ ಒತ್ತಿದೆ. ಮಷಿನ್ ನಿಂತಿತು. ಬಾಗಿಲು ತೆರೆಯಲಿಲ್ಲ. ಒಳಗೆ ಬಿಸಿಯಿರುವಾಗ ಅದು ತೆರೆಯುವುದಿಲ್ಲವಂತೆ. ಇನ್ನೊಂದು ಗುಂಡಿ ಒತ್ತಿದೆ. ಆಮೇಲೆ ಎರಡನ್ನೂ ಒಟ್ಟಿಗೆ ಒತ್ತಿದೆ. ಮಷಿನ್ ಇಂಪಾದ ಒಂದು ರಾಗ ನುಡಿಸಿ, ಪುಟ್ಟ ಬೀಗದ ಚಿತ್ರ ತೋರಿಸಿ, ಅಲ್ಲಿಂದ ಮುಂದೆ ಯಾವ ಗುಂಡಿಗೂ ಜಗ್ಗಲಿಲ್ಲ. ಅದು ಮಕ್ಕಳ ಕೈಗೆ ಸಿಗಬಾರದೆಂದು ಮಾಡಿದ ಬೀಗವಂತೆ. ಯಂತ್ರ ನನ್ನನ್ನು ಯಾವ ವರ್ಗಕ್ಕೆ ಸೇರಿಸಿತೆಂಬುದು ಸ್ಪಷ್ಟವಾಯಿತು.

ಕಾಲೇಜಿಗೆ ಹೋಗುವ ಮಗಳು ಅನು ಮೊಬೈಲ್ ಹಿಡಿದು ಬಂದು, ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಹೇಳಿದಳು. “ಪಪ್ಪಾ, ನೆಟ್‌ನಲ್ಲಿ ಲಿಖಾ ಇದೆ. ಪ್ಲಗ್ ನಿಕಾಲ್ಕೆ ಮತ್ತೆ ಹಾಕ್ಬೇಕು. ರಿಸೆಟ್ ಆಗತ್ತೆ.”

ಪ್ಲಗ್ಗು ಮಷಿನಿನ ಹಿಂದಿತ್ತು. ಮಷಿನನ್ನು ಎಳೆಯುವ ಶ್ರಮವೇಕೆಂದು ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿದೆ. ಬಾತ್‌ರೂಮು ಕತ್ತಲಾಯಿತು. ಒಳಗಿನಿಂದ ಅತ್ತೆ ಜೋರಾಗಿ ಶ್ಲೋಕ ಹೇಳತೊಡಗಿದರು. ನಡುನಡುವೆ ಹಲ್ಲು ಕಟಕಟಿಸುವುದು ಕೇಳುತ್ತಿತ್ತು.

“ಅಮ್ಮ ಒದ್ದೇಲಿ ನಿಂತಿದಾರೆ ರೀ!” ಎಂದಳು ಪದ್ಮ. ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಬೀರು ತೆರೆದು, ತನ್ನ ರೇಷ್ಮೆ ಸೀರೆಗಳನ್ನು ಒಂದೊಂದಾಗಿ ಬಾಗಿಲ ಹೊರಗಿನಿಂದಲೇ ಹೆಸರಿಸಿದಳು. ಅತ್ತೆ ಒಂದೊಂದನ್ನೂ ತಳ್ಳಿಹಾಕಿದರು. ಒಂದು ಮದುವೆ ಊಟಕ್ಕೆ ಹೋಗಿ ಬಂದಿತ್ತು, ಒಂದು ಹೋಟೆಲಿಗೆ. ಉಳಿದವೆಲ್ಲ ಲೋಕಲ್‌ನಲ್ಲಿ ಓಡಾಡಿದಂಥವು.

ನಾನು ಮೇನ್ ಹಾಕಿದೆ. ಬೀಗದ ಚಿತ್ರ ಮಾಯವಾಗಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಬಾಗಿಲು ತೆರೆಯುವ ಅವಸರದಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಡಿಯನ್ನು ಒತ್ತಿಬಿಟ್ಟೆ. ಅದು ಶುರು ಮಾಡುವ ಗುಂಡಿ. ಟಕ್ಕೆಂದು ಬಾಗಿಲು ಮತ್ತೆ ಬಿಗಿಯಿತು. ಮಷಿನ್ ಮೊದಲಿನಿಂದ ನೀರು ತುಂಬಿಸಿಕೊಳ್ಳತೊಡಗಿತು. ದುಂಡನೆಯ ಗಾಜಿನಾಚೆ, ಒಣಗುತ್ತಿದ್ದ ಎರಡೂ ಸೀರೆಗಳು ನನ್ನ ಕಣ್ಣೆದುರೇ ಮುಳುಗಿದವು.

ಪದ್ಮ ಬೈದಿದ್ದರೆ ನಾನು ಸಮರ್ಥಿಸಿಕೊಳ್ಳುತ್ತಿದ್ದೆ. ಅವಳು ಮಂಟಪದ ಮುಂದೆ ಹೋಗಿ ಕುಳಿತು ಗಡಿಯಾರ ನೋಡಿದಳು. ಹೋದ ಸಲ ತಾಯಿ ಗಂಜಿ ಕುಡಿದು ಮಲಗಿದ್ದಾಗಲೂ ಅವಳ ಮುಖ ಹೀಗೇ ಇತ್ತು. ನಾನು ತಲೆ ತಗ್ಗಿಸಿ ಬಾತ್‌ರೂಮಿನ ಬಾಗಿಲಿಗೆ ಹೋಗಿ, “ಅತ್ತೆ, ಬಿಸಿನೀರು ಸುರಿದುಕೊಳ್ಳುತ್ತಾ ಇರಿ” ಎಂದೆ. ಅದೊಂದೇ ಸಲಹೆ ನನ್ನಲ್ಲಿ ಉಳಿದಿದ್ದದ್ದು.

ಆಗ ಎದುರು ಮನೆಯ ಮರಾಠಿ ಹೆಂಗಸು ಜೋಶಿ ಕಾಕು ಬಾಗಿಲಲ್ಲಿ ನಿಂತರು. ಅತ್ತೆಯ ವಯಸ್ಸಿನವರೇ. ಶ್ಲೋಕದ ಅಬ್ಬರ ಅವರ ಮನೆಗೂ ಕೇಳಿಸಿತ್ತು. “ಕಾಯ್ ಝಾಲಂ ಪದ್ಮಾ?” ಎಂದರು. ಪದ್ಮ ಅಳುದನಿಯಲ್ಲಿ ಮರಾಠಿ, ಹಿಂದಿ, ಕನ್ನಡ ಮೂರೂ ಬೆರೆಸಿ ಹೇಳಿದಳು. ಕಾಕು ಅರ್ಧಕ್ಕೇ ತಡೆದು, “ಅಗಂ, ಸೋವಳಂ ಆಹೆ ನಾ ಮಾಝ್ಯಾಕಡೆ” ಎಂದು ತಿರುಗಿ ಹೋದರು. ನಮ್ಮ ಮಡಿಯೇ ಅವರ ಸೋವಳಂ, ಅದು ತಮ್ಮ ಬಳಿ ಇದೆಯಲ್ಲ ಎಂದಿದ್ದರು. ಬೆಳಗಿನ ಪೂಜೆ ಮುಗಿಸಿ ತಾವೂ ಅದರಲ್ಲೇ ಇದ್ದ ಕಾಕು, ಇನ್ನೊಂದು ಸೀರೆಯನ್ನು ಕೋಲಿನ ತುದಿಗೆ ನೇತುಹಾಕಿಕೊಂಡು, ಯಾರೂ ಸೋಕದಂತೆ ನಮ್ಮನ್ನೆಲ್ಲ ಗೋಡೆಗೆ ಒತ್ತಿ ನಿಲ್ಲಿಸಿ, ನೆಟ್ಟಗೆ ಬಾತ್‌ರೂಮಿನ ಬಾಗಿಲಿಗೆ ಬಂದರು.

“ಯಾರು?” ಎಂದರು ಅತ್ತೆ ಒಳಗಿನಿಂದ.

“ಸೋವಳಂ” ಎಂದರು ಕಾಕು.

“ಮಡಿ?”

“ಹೋ, ಮಡಿ, ಮಡಿ.”

ಬಾಗಿಲು ಒಂದು ಗೇಣು ತೆರೆಯಿತು. ಕೋಲು ಒಳಗೆ ಹೋಯಿತು, ಬರಿದಾಗಿ ಹೊರಗೆ ಬಂತು. ನಾನು ಮೂರು ಗಂಟೆಯಲ್ಲಿ ಮಾಡಲಾಗದ್ದನ್ನು ಇಬ್ಬರು ಮುದುಕಿಯರು ನಾಲ್ಕು ಮಾತಿನಲ್ಲಿ ಮುಗಿಸಿದರು. ಆಮೇಲೆ ಅಡುಗೆಮನೆಯಲ್ಲಿ ಒಬ್ಬರು ಹೂರಣ ಉಂಡೆ ಕಟ್ಟಿದರೆ ಇನ್ನೊಬ್ಬರು ಲಟ್ಟಿಸಿದರು. ಹೋಳಿಗೆಗೆ ಕಾಕು ಪುರಣಪೋಳಿ ಎಂದರು, ಅತ್ತೆ ತಲೆಯಾಡಿಸಿದರು. ರಾಹುಕಾಲಕ್ಕೆ ಮುಂಚೆ ಮಂಗಳಾರತಿಯಾಯಿತು. ಅತ್ತೆ ಸೀನಲಿಲ್ಲ. ಆರತಿ ತೆಗೆದುಕೊಳ್ಳುವಾಗ ಕಣ್ಣೊರೆಸಿಕೊಂಡೆ. ಕರ್ಪೂರದ ಹೊಗೆ ಎಂದು ಹೇಳಿಕೊಂಡೆ.

ಕಾಕು ಸೀರೆ ಒಣಗಿಸುವ ಏರ್ಪಾಡೇನೆಂದು ಊಟದ ಹೊತ್ತಿಗೆ ವಿಚಾರಿಸಿದೆ. ಚಾವಣಿಗೆ ಒಂದು ಹಗ್ಗ, ಕೆಳಗೊಂದು ಟೇಬಲ್ ಫ್ಯಾನು. ಯಾವ ಮಾಡೆಲ್ ಎಂದು ಕೇಳಲು ಬಾಯಿಗೆ ಬಂದಿತ್ತು. ಪದ್ಮಳ ಮುಖ ನೋಡಿ ನುಂಗಿಕೊಂಡೆ.

ಎಲೆ ಎತ್ತುವ ಹೊತ್ತಿಗೆ ಮಷಿನ್ ರಾಗ ನುಡಿಸಿ, ತಾನೇ ತಾನಾಗಿ ಬಾಗಿಲು ಬಿಟ್ಟುಕೊಟ್ಟಿತು. ಅತ್ತೆ ಬಗ್ಗಿ ಒಂದು ಸೀರೆ ತೆಗೆದರು, ಎರಡನೆಯದನ್ನೂ ತೆಗೆದರು. ಅದರ ಸೆರಗು ಬಾಗಿಲಿನ ಸುತ್ತಲಿನ ರಬ್ಬರಿನ ಮಡಿಕೆಗೆ ಸಿಕ್ಕಿಕೊಂಡಿತ್ತು. ಎಳೆದರು. ಸೆರಗಿನ ಜೊತೆಗೆ ಕಪ್ಪಗಿನದೇನೋ ಒಂದು ಹೊರಗೆ ಬಿತ್ತು.

ಅದು ನನ್ನ ಕಾಲುಚೀಲ.

ಮಷಿನ್ ಕೂರಿಸಲು ಬಂದಿದ್ದವನು, ನಡೆಯುತ್ತದೋ ನೋಡಲು ಏನಾದರೂ ಬಟ್ಟೆ ಕೊಡಿ ಎಂದಿದ್ದ. ಆಫೀಸಿನಿಂದ ಆಗಷ್ಟೇ ಬಂದಿದ್ದ ನಾನು ಕಾಲಿನಲ್ಲಿದ್ದುದನ್ನೇ ಕಳಚಿ ಕೊಟ್ಟಿದ್ದೆ. ತಿರುಗಿ ಬಂದದ್ದು ಒಂದೇ ಎಂಬುದು ಈಗ ನೆನಪಾಯಿತು. ಅಂದರೆ ಅಷ್ಟು ದಿನವೂ ಅತ್ತೆಯ ಮಡಿಸೀರೆ ನನ್ನ ಕಾಲುಚೀಲದ ಜೊತೆಯಲ್ಲೇ ಮಿಂದಿತ್ತು!

ಅತ್ತೆ ಕೋಲಿನ ತುದಿಯಿಂದ ಅದನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು.

“ನಿಮ್ಮದಾ ಅಳಿಯಂದಿರೇ?”

“ಹೌದು ಅತ್ತೆ.”

“ದಿನಾ ತಪ್ಪದೆ ಮೂರು ನೀರು, ಗಂಗಾಜಲ ಬೇರೆ” ಎಂದರು. ತುಟಿಯಂಚಿನಲ್ಲಿ ನಗು ತಡೆದುಕೊಂಡಿದ್ದು ಕಾಣಿಸಿತು. “ಈ ಮನೇಲಿ ಇದರಷ್ಟು ಮಡಿ ಮಾಡಿದೋರು ಇನ್ಯಾರೂ ಇಲ್ಲ. ಜೋಪಾನವಾಗಿಟ್ಕೊಳ್ಳಿ.”

ಮರುದಿನದಿಂದ ಅತ್ತೆಯ ಸೀರೆಗಳು ಕಾಕುವಿನ ಹಗ್ಗಕ್ಕೆ ಹೋದವು. ಮಷಿನ್ ನಮಗೆ ಸಿಕ್ಕಿತು. ಶರ್ಟುಗಳು ಒಣಗಿ ಬರುತ್ತಿವೆ, ಲೋಕಲ್‌ನಲ್ಲಿ ನನಗೂ ಎಲ್ಲರಂತೆ ನೂಕುನುಗ್ಗಲು. ಆ ಕಾಲುಚೀಲವನ್ನು ಮಾತ್ರ ಇನ್ನೂ ಹಾಕಿಕೊಂಡಿಲ್ಲ. ಎರಡು ಸಲ ಕೈಗೆತ್ತಿಕೊಂಡೆ, ಧೈರ್ಯ ಸಾಲಲಿಲ್ಲ. ಅದರ ಯೋಗ್ಯತೆಗೆ ನನ್ನ ಕಾಲೂ ಸಾಲದು.