ಅತ್ತೆ ಬಿಟ್ಟ ಗರಿಕೆ

ನಮ್ಮ ಕಡೆ ಮನೆಯ ಸುತ್ತ ಹುಲ್ಲು ಬೆಳೆದಿದೆ ಎಂದರೆ ಆ ಮನೆಯವರು ಒಂದೋ ಊರು ಬಿಟ್ಟಿದ್ದಾರೆ, ಇಲ್ಲವೇ ಸೋಮಾರಿಗಳು ಎಂದರ್ಥ. ಇದು ಗೊತ್ತಿದ್ದೂ ಕೋಲಾರದ ನಮ್ಮ ಮನೆಯ ಪಾಳುಬಿದ್ದ ಹಿತ್ತಲಲ್ಲಿ ಹುಲ್ಲುಹಾಸು ಬೆಳೆಸಲು ನಾನು ನಾಲ್ಕು ವರ್ಷ ಒದ್ದಾಡಿದೆ. ಬೆಳಗ್ಗೆ ಹಸಿರಿನ ಮೇಲೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯಬೇಕು, ಅಷ್ಟೇ ನನ್ನ ಆಸೆ.

ಮೊದಲ ವರ್ಷ ಇಟ್ಟಿಗೆ ಚೂರು, ಪಾರ್ಥೇನಿಯಂ ತೆಗೆಯುವುದರಲ್ಲೇ ಹೋಯಿತು. ಎಲ್ಲವನ್ನೂ ಒಬ್ಬನೇ ಹಸನು ಮಾಡಿದೆನೆಂದು ನನ್ನ ನೆನಪು. ಡೈರಿಯಲ್ಲಿ ಮಾತ್ರ ‘ಕಳೆ ಕಿತ್ತೆ, ಹದಿನೈದು ನಿಮಿಷ. ಸೊಂಟ ನೋವು. ಉಳಿದದ್ದು ಸುಧಾ’ ಎಂದಿದೆ. ಸುಧಾ ನನ್ನ ಹೆಂಡತಿ. ಎರಡನೆಯ ವರ್ಷ ಬಿತ್ತಿದ ಬೀಜವನ್ನು ಇರುವೆಗಳು ಸಾಲಾಗಿ ಹೊತ್ತುಕೊಂಡು ಹೋದವು. ಮೂರನೆಯ ವರ್ಷ ಬೆಂಗಳೂರಿನಿಂದ ಚಾಪೆಯಂತೆ ಸುತ್ತಿದ ಹುಲ್ಲು ತರಿಸಿ ಹಾಸಿದೆ. ನಮ್ಮ ಬೋರ್‌ವೆಲ್‌ನ ಗಡಸು ನೀರು ಕುಡಿದು ಅದು ಹಳೆಯ ಗೋಣಿಚೀಲದ ಬಣ್ಣಕ್ಕೆ ತಿರುಗಿತು. ನಾಲ್ಕನೆಯ ವರ್ಷ ಸುಧಾ ಗಡುವು ಕೊಟ್ಟಳು: “ದೀಪಾವಳಿಗೆ ಹಸಿರಾದ್ರೆ ಸರಿ, ಇಲ್ಲಾಂದ್ರೆ ಸಿಮೆಂಟ್ ಹಾಕ್ಸೋದೇ ಕಣ್ರೀ. ಹುಣಸೆಹಣ್ಣು ಒಣಗ್ಸೋಕಾದ್ರೂ ಆಗುತ್ತೆ.” ಗಾರೆ ಮೇಸ್ತ್ರಿ ಬಂದು ಅಳತೆಯನ್ನೂ ತೆಗೆದುಕೊಂಡ, ನನ್ನ ಹುಲ್ಲಿನ ಮೇಲೆ ಚಪ್ಪಲಿ ಹಾಕಿಕೊಂಡೇ ಓಡಾಡಿದ.

ಬೆಂಗಳೂರಿನ ಹುಲ್ಲಿನಲ್ಲಿ ಉಳಿದಿದ್ದ ನಾಲ್ಕು ಕುಚ್ಚುಗಳಿಗೆ ನಾನು ಮಗ್ಗಿನಲ್ಲಿ ನೀರು ಹನಿಸುತ್ತಿದ್ದೆ. ಆಗ ಗಣೇಶನ ಹಬ್ಬಕ್ಕೆಂದು ಯಲ್ದೂರಿನಿಂದ ನನ್ನ ಸೋದರತ್ತೆ ಬಂದರು. ಮಾರನೆಯ ಸಂಜೆ ಆಫೀಸಿನಿಂದ ಬಂದು ನೋಡುತ್ತೇನೆ, ಹಿತ್ತಲು ಬೋಳು!

“ಏನತ್ತೆ ಇದು!”

“ನಿಮಗೆಲ್ಲಿ ಪುರುಸೊತ್ತು ನಾಯ್ನಾ, ಕಳೆ ಕೀಳೋಕೆ? ಎಲ್ಲಾ ಕಿತ್ತಾಕ್ಬಿಟ್ಟೆ. ಗರಿಕೆ ಮಾತ್ರ ಮುಟ್ಲಿಲ್ಲಪ್ಪ, ಗಣೇಶನಿಗೆ ಬೇಕಲ್ಲ.”

ಅಷ್ಟು ಪ್ರೀತಿಯಿಂದ ಸರ್ವನಾಶ ಮಾಡಿದವರನ್ನು ಬೈಯುವುದು ಹೇಗೆ? ಸುಧಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಅಳುವುದಕ್ಕಂತೂ ಅಲ್ಲ.

ಹಬ್ಬದ ಹಿಂದೆಯೇ ಮಳೆ ಹಿಡಿಯಿತು. ತಡೆಯುವವರಿಲ್ಲದ ಗರಿಕೆ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು, ದೀಪಾವಳಿಯ ಹೊತ್ತಿಗೆ ಗೋಡೆಯಿಂದ ಗೋಡೆಗೆ ಹಬ್ಬಿತು. ಸಿಮೆಂಟಿನ ಮಾತಾಡಲು ಬಂದ ಮೇಸ್ತ್ರಿ ಅಂಚಿನಲ್ಲೇ ಚಪ್ಪಲಿ ಬಿಟ್ಟು ನಿಂತ. “ಗರಿಕೆ ಮೇಲೆ ಗಾರೆ ಹಾಕಲ್ಲ ಸಾರ್, ಬೇರೆಯವ್ರನ್ನ ನೋಡ್ಕೊಳ್ಳಿ.” ಮರುದಿನ ಬೆಳಗ್ಗೆ ಸುಧಾ ತಾನೇ ಕುರ್ಚಿ ತಂದು ಹಾಕಿದಳು. ಒಂದಲ್ಲ, ಎರಡು. ಆ ಕಾಫಿಯನ್ನು ನಾನು ರಾಜನಂತೆ ಕುಡಿದೆ.

ಸುದ್ದಿ ಕೇಳಿ ಮಾಲೂರಿನಿಂದ ನನ್ನ ಸಹೋದ್ಯೋಗಿಯೊಬ್ಬರು ನೋಡಲು ಬಂದರು. ಬಗ್ಗಿ ಹುಲ್ಲು ಸವರಿ, “ಹೇಗೆ ಸಾರ್ ಬೆಳೆಸಿದ್ರಿ?” ಎಂದರು. ನನ್ನದು ಎಂ.ಎ. ಓದಿದ ನಾಲಿಗೆ; ‘ನಮ್ಮ ಮಣ್ಣು, ನಮ್ಮ ನೀರು, ದೇಸಿ ತಳಿಯ ಆಯ್ಕೆ’ ಎಂದು ಅರ್ಧ ಗಂಟೆ ಕೊರೆದೆ. ಊರಿನಿಂದ ಮತ್ತೆ ಬಂದು, ಅಲ್ಲೇ ಅವರೆಕಾಯಿ ಸುಲಿಯುತ್ತ ಕೂತಿದ್ದ ಅತ್ತೆ ತಲೆ ಎತ್ತಿದಾಗ ನಾನು ಕಾಫಿ ತರುವ ನೆಪದಲ್ಲಿ ಎದ್ದೆ.

“ಹೌದು ಕಣಪ್ಪಾ,” ಎಂದರು ಅವರಿಗೆ. “ಕಳೆ ಕೀಳೋಕೆ ಬಾ ಅತ್ತೆ, ಗರಿಕೆ ಮಾತ್ರ ಬಿಡು ಅಂತ ಫೋನ್ ಮಾಡಿ ನನ್ನ ಕರೆಸಿದ್ದೂ ಇವನೇ.”

ನಾನು ಫೋನ್ ಮಾಡಿರಲಿಲ್ಲ. ಆದರೆ ಅತ್ತೆ ಸುಳ್ಳು ಹೇಳುವವರಲ್ಲ. ಈಗೀಗ, ಆ ಫೋನಿನಲ್ಲಿ ಮಾತಾಡುವಾಗ ನಾನು ಕಿಟಕಿಯ ಪಕ್ಕ ನಿಂತಿದ್ದದ್ದೂ ನೆನಪಾಗುತ್ತಿದೆ.