ಡಾಕ್ಟರ ಕೈಗುಣ ಮತ್ತು ಮೂರು ದಾಸವಾಳ

ಕೈಗುಣ ಎನ್ನುವುದು ಹೊಲ ಮನೆಗಳ ಹಾಗೆ ಪಾಲು ಕೇಳಿ ಪಡೆಯುವ ಆಸ್ತಿಯಲ್ಲ. ಆಗಿದ್ದರೆ ಬಾಗಲಕೋಟೆಯಲ್ಲಿದ್ದ ನಮ್ಮವ್ವನಿಂದ ನಾನು ಎಂದೋ ಬರೆಸಿಕೊಂಡುಬಿಡುತ್ತಿದ್ದೆ. ಆಕೆ ಪಾತ್ರೆ ತೊಳೆದು ಚೆಲ್ಲಿದ ನೀರಿನ ಜಾಗದಲ್ಲಿ ಕೂಡ ಟೊಮೆಟೊ ಗಿಡ ಏಳುತ್ತಿತ್ತು. ನನ್ನ ಕೈ ಬೇರೆ ಜಾತಿಯದು. ಸಾಲೆಯಲ್ಲಿದ್ದಾಗ ಒದ್ದೆ ಅರಿವೆಯಲ್ಲಿ ಹೆಸರುಕಾಳು ಕಟ್ಟಿ ಮೊಳಕೆ ಬರಿಸಿಕೊಂಡು ಬನ್ನಿ ಎಂದು ಮಾಸ್ತರರು ಹೇಳಿದ್ದರು. ಎಲ್ಲರ ಕಾಳೂ ಮೊಳೆತವು, ನನ್ನವು ನಾತ ಹೊಡೆದವು. ಮಾಸ್ತರರು ಮೂಗು ಮುಚ್ಚಿಕೊಂಡು, "ಏ, ಇವನ ಕೈಯಾಗ ಯಾರೂ ಏನೂ ಕೊಡಬ್ಯಾಡ್ರಿ ಮತ್ತ!" ಎಂದು ತರಗತಿಗೆಲ್ಲ ಸಾರಿದರು. ಇಂಥ ಕೈಯವನಿಗೆ ಮುಂದೆ ವಿಶ್ವವಿದ್ಯಾಲಯದವರು ಡಾಕ್ಟರ ಪದವಿ ಕೊಟ್ಟು, ಮನುಷ್ಯರ ಜೀವ ಮುಟ್ಟಬಹುದೆಂದು ಮುದ್ರೆ ಒತ್ತಿದರು. ಹೆಸರುಕಾಳಿನ ವಿಷಯ ಅವರು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಹೊಸ ಹೆಂಡತಿ ಮತ್ತು ಹೊಸ ಸ್ಟೆತಾಸ್ಕೋಪಿನೊಂದಿಗೆ ಇಳಕಲ್ಲಿಗೆ ಬಂದು ದವಾಖಾನೆ ತೆರೆದೆ. ಗಂಗವ್ವ ಎಂಬ ವಯಸ್ಸಾದ ಹೆಂಗಸಿನ ಮನೆಯ ಮುಂದಿನ ಅರ್ಧ ನಮಗೆ ಬಾಡಿಗೆಗೆ ಸಿಕ್ಕಿತು. ಹಿಂದಿನ ಅರ್ಧದಲ್ಲಿ ಆಕೆ ಮತ್ತು ಆಕೆಯ ಮಗ್ಗ. ನಾನು ರೋಗಿಯ ಎದೆಗೆ ಸ್ಟೆತಾಸ್ಕೋಪು ಇಟ್ಟರೆ ಮೊದಲು ಕೇಳಿಸುತ್ತಿದ್ದದ್ದು ಗಂಗವ್ವನ ಮಗ್ಗದ ಸದ್ದು. ಆಕೆಗೆ ಊಟದ ಹೊತ್ತಾದ ಮೇಲೆಯೇ ನನಗೆ ರೋಗಿಗಳ ಹೃದಯ ಸಿಗುತ್ತಿತ್ತು. ನಮ್ಮಪ್ಪನದು ಬಾಗಲಕೋಟೆಯಲ್ಲಿ ಕಿರಾಣಿ ಅಂಗಡಿ. ನಾನು ಹೊರಟಾಗ ಅವರು, "ಒಂದು ವರ್ಷ ನೋಡು. ನಡೀಲಿಲ್ಲಂದ್ರ ಸುಮ್ಮನ ಬಂದು ತಕ್ಕಡಿ ಹಿಡಿ. ಬೆಲ್ಲ ತೂಗಾಕ ಯಾರ ಕೈಗುಣಾನೂ ಬೇಕಾಗಿಲ್ಲ" ಎಂದಿದ್ದರು. ಆ ತಕ್ಕಡಿ ನನ್ನ ಕಣ್ಣ ಮುಂದೆ ಸದಾ ತೂಗುತ್ತಿತ್ತು. ನನಗೆ ಇಳಕಲ್ಲಿನಲ್ಲಿ ಉಳಿಯಬೇಕಾಗಿತ್ತು, ಡಾಕ್ಟರನಾಗಿ ಉಳಿಯಬೇಕಾಗಿತ್ತು.

ಮೊದಲಿಗೆ ದೈವ ಒಲಿಯಿತು. ನನ್ನ ಮೊದಲ ರೋಗಿ ಗಂಗವ್ವನೇ. ಬೆಳಗಿನಿಂದ ಬಿಟ್ಟೂಬಿಡದ ಬಿಕ್ಕಳಿಕೆ. ನಾನು ಆಕೆಯ ಕೈ ಹಿಡಿದು ನಾಡಿ ನೋಡುತ್ತ, ಇನ್ನೊಂದು ಕೈಯಿಂದ ಕುದಿಯುವ ನೀರಿನಲ್ಲಿದ್ದ ಗಾಜಿನ ಸಿರಿಂಜನ್ನು ಇಕ್ಕಳದಿಂದ ಎತ್ತಿದೆ ನೋಡಿ, ಬಿಕ್ಕಳಿಕೆ ಗಪ್ಪನೆ ನಿಂತಿತು. ಸೂಜಿ ಕಂಡು ಹೆದರಿದ್ದಕ್ಕೆ ನಿಂತಿತೆಂದು ನನಗೆ ಗೊತ್ತು. ಆದರೆ ಗಂಗವ್ವ ಓಣಿಗೆಲ್ಲ, "ಔಷಧ ಇಲ್ಲ, ಸೂಜಿ ಇಲ್ಲ, ಬರೇ ಕೈ ಹಿಡದ್ರು, ಬಿಕ್ಕಳಿಕಿ ಮಾಯ! ಏನ್ ಕೈಗುಣರಿ ಅದು!" ಎಂದು ಹೇಳಿಕೊಂಡು ಬಂದಳು. ಮಾರನೆಯ ದಿನದಿಂದ ಜನ ಔಷಧ ತುಂಬಿಸಿಕೊಳ್ಳಲು ಖಾಲಿ ಬಾಟಲಿ ಹಿಡಿದು ನಮ್ಮ ಕಟ್ಟೆಗೆ ಬರತೊಡಗಿದರು. ಗೋಡೆಗೆ ತೂಗು ಹಾಕಿದ್ದ ನನ್ನ ಪದವಿಯ ಕಾಗದವನ್ನು ಒಬ್ಬರೂ ತಲೆ ಎತ್ತಿ ನೋಡಲಿಲ್ಲ. ಎಲ್ಲರೂ ನನ್ನ ಕೈ ನೋಡುತ್ತಿದ್ದರು.

ಎಲ್ಲ ಸರಿಯಾಗಿ ನಡೆದಿರುವಾಗ ನನ್ನ ಹೆಂಡತಿ ಶಾರದಾ ತವರಿಗೆ ಹೋದಳು. ಅವಳ ತವರು ಬಾದಾಮಿ. ಅಲ್ಲಿನ ಅಂಗಳದಲ್ಲೊಂದು ಕೆಂಪು ದಾಸವಾಳ. ಅದರ ಮೂರು ಕಡ್ಡಿಗಳನ್ನು ಒದ್ದೆ ಅರಿವೆಯಲ್ಲಿ ಸುತ್ತಿ, ಕೂಸನ್ನು ತಂದ ಹಾಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. "ನಮ್ಮ ತವರಿನ ಗಿಡ, ಕೆಂಪನ್ನ ಕೆಂಪು ಹೂವು" ಎಂದು ಬಂದವರಿಗೆಲ್ಲ ತೋರಿಸಿದಳು. ದಾಸವಾಳವೆಂದರೆ ಗಿಡಗಳಲ್ಲೇ ಗಟ್ಟಿಪಿಂಡ. ಕಡ್ಡಿ ಚುಚ್ಚಿ ಮರೆತರೂ ಬರುತ್ತದೆ, ಆಡು ಮೇಯ್ದರೂ ಮತ್ತೆ ಚಿಗುರುತ್ತದೆ. ಹಾಗಾಗಿ ನಾನು ಧೈರ್ಯ ಮಾಡಿ, "ನಾ ಹಚ್ತೇನಿ, ಕೊಡು" ಎಂದೆ. ರೋಗಿಗಳು ಕೂಡುವ ಕಟ್ಟೆಯ ಎದುರಿಗೇ, ಎಲ್ಲರಿಗೂ ಕಾಣುವ ಹಾಗೆ ಸಾಲಾಗಿ ನೆಟ್ಟೆ. ಬಂದವರ ಕಣ್ಣಿಗೆ ತಂಪಾಗಿರಲಿ ಎಂದು ನನ್ನ ಆಸೆ.

ಆದರೆ ಡಾಕ್ಟರನಿಗೆ ಸುಮ್ಮನಿರಲು ಬರುವುದಿಲ್ಲ. ಕಡ್ಡಿಯ ತುದಿ ಕೊಯ್ದ ಗಾಯವಲ್ಲವೇ ಎಂದು ನೆಡುವ ಮೊದಲೇ ಟಿಂಚರ್ ಹಚ್ಚಿದ್ದೆ. ನೆಟ್ಟ ಮೇಲೆ ಬಾಡಿದಂತೆ ಕಂಡಿತೆಂದು ಉಳಿದ ಗ್ಲೂಕೋಸ್ ಸಲೈನು ಹನಿಸಿದೆ. ಅಶಕ್ತತೆ ಇರಬಹುದೆಂದು ಟಾನಿಕ್ಕು ಕೂಡ ಕಲಸಿ ಹಾಕಿದೆ. ಎರೆಮಣ್ಣು ಮೊದಲೇ ನೀರು ಬಿಟ್ಟುಕೊಡದ ಮಣ್ಣು. ಅದರಲ್ಲಿ ನಾನು ಬೆಳಿಗ್ಗೆ ಸಂಜೆ ಕೊಡ ಕೊಡ ನೀರು ಸುರಿದೆ. ಸಾಲದ್ದಕ್ಕೆ ಬೇರು ಬಂತೋ ಇಲ್ಲವೋ ಎಂದು ದಿನಾ ಒಮ್ಮೆ ಕಿತ್ತು ನೋಡಿ ಮತ್ತೆ ಚುಚ್ಚುತ್ತಿದ್ದೆ. ಶಾರದಾ ಒಮ್ಮೆ ತಾಳಲಾರದೆ, "ಅಲ್ರೀ, ಹಿಂಗ ದಿನಾ ಎಬ್ಬಿಸಿ ಎಬ್ಬಿಸಿ ಕೇಳಿದ್ರ ಮನಶ್ಯಾರಾದ್ರೂ ಬದುಕ್ತಾರೇನ್ರಿ?" ಎಂದಳು. ನನ್ನ ವೈದ್ಯಕೀಯದಲ್ಲಿ ಹೆಂಡತಿ ಕೈ ಹಾಕಬಾರದೆಂದು ನಾನು ಗಂಭೀರವಾಗಿ ಹೇಳಿದೆ. ಕೆಲವೇ ದಿನಗಳಲ್ಲಿ ಮೂರೂ ಕಡ್ಡಿಗಳು ಕಪ್ಪಗಾಗಿ, ಊದಿನಕಡ್ಡಿ ಉರಿದು ಮುಗಿದಂತೆ ನಿಂತವು.

ಕಟ್ಟೆಯ ಮೇಲೆ ಕೂತ ರೋಗಿಗಳಿಗೆ ನೋಡಲು ಬೇರೇನು ಕೆಲಸ? ಪಕ್ಕದ ಓಣಿಯ ಮಲ್ಲಪ್ಪಜ್ಜ ಮೊಣಕಾಲು ನೋವೆಂದು ಬಂದಿದ್ದ. ನಾನು ಸಿರಿಂಜು ಹಿಡಿದು ಹೊರಬಂದಾಗ ಅವನು ಕಡ್ಡಿಗಳನ್ನೇ ನೋಡುತ್ತಿದ್ದ.

"ಡಾಕ್ಟರ್ರ, ಇವು ಯಾವ ಗಿಡರಿ?"

"ದಾಸವಾಳ, ಅಜ್ಜಾರ."

"ದಾಸಾಳ?" ಅವನು ಕಡ್ಡಿ ನೋಡಿದ, ನನ್ನ ಕೈ ನೋಡಿದ, ಆಮೇಲೆ ತನ್ನ ಮೊಣಕಾಲು ನೋಡಿಕೊಂಡ. "ದಾಸಾಳ ಸುದ್ದಾ ಸತ್ತಾವೇನ್ರಿ! ನಂದೊಂದು ಹುನಗುಂದದಾಗ ಜರೂರು ಕೆಲಸ ಐತ್ರಿ. ಮತ್ತ ಬರ್ತೇನ್ರಿ" ಎಂದು, ಬಗ್ಗಿಸಲಾಗದು ಎಂದಿದ್ದ ಕಾಲನ್ನು ಸರಸರ ಹಾಕುತ್ತ ಬಸ್‌ಸ್ಟ್ಯಾಂಡಿನ ಕಡೆ ಹೋದ. ಹುನಗುಂದದ ಡಾಕ್ಟರ ಕೈಯಿಂದ ಸೂಜಿ ಚುಚ್ಚಿಸಿಕೊಂಡು ಬಂದನೆಂದು ಮರುದಿನ ತಿಳಿಯಿತು. ಅಲ್ಲಿಂದ ಸುದ್ದಿ ಹಬ್ಬಿತು. ಬಿಕ್ಕಳಿಕೆಯ ಕತೆ ಹರಡಲು ವಾರ ಹಿಡಿದಿತ್ತು, ದಾಸವಾಳದ ಕತೆಗೆ ಒಂದು ಸಂತೆ ಸಾಕಾಯಿತು. ಕಟ್ಟೆ ಬರಿದಾಯಿತು. ನಾನು ಕಡ್ಡಿಗಳನ್ನು ಕಿತ್ತೆಸೆಯೋಣವೆಂದರೆ ಅದು ಸೋಲನ್ನು ಒಪ್ಪಿಕೊಂಡ ಹಾಗೆ, ಇರಲಿ ಬಿಡೋಣವೆಂದರೆ ಡಂಗುರ ಸಾರಿದ ಹಾಗೆ. ಗಂಗವ್ವ ಒಬ್ಬಳೇ ಗಂಟಲು ಹರಿದುಕೊಂಡು, "ಎರೀ ಮಣ್ಣಿನ ತಪ್ಪು ಅದು, ಡಾಕ್ಟರ್ರದಲ್ಲ!" ಎಂದು ಜಗಳ ಕಾಯುತ್ತಿದ್ದಳು. ನೆರೆಯ ನೇಕಾರ ಈರಪ್ಪ, ನನ್ನ ಔಷಧದಿಂದ ಕೆಮ್ಮು ವಾಸಿಯಾಗಿದ್ದವನು, ಏನೂ ಮಾತಾಡದೆ ದಿನಾ ಬಂದು ಖಾಲಿ ಕಟ್ಟೆಯ ಮೇಲೆ ಕೂತು ಹೋಗುತ್ತಿದ್ದ. ಒಬ್ಬ ರೋಗಿಯಾದರೂ ಇದ್ದಾನೆಂದು ಕಾಣಲಿ ಎಂದು ಅವನ ಉಪಾಯ. ಜನ ಬರದಿದ್ದದ್ದಕ್ಕಿಂತ ಈರಪ್ಪ ಹಾಗೆ ಬಂದು ಕೂಡುತ್ತಿದ್ದುದೇ ನನಗೆ ಹೆಚ್ಚು ಸಂಕಟ ತರುತ್ತಿತ್ತು.

ಕೊನೆಗೆ ನಾನು ಶಾರದಾಳಿಗೆ, "ಅಪ್ಪನ ಜೋಡಿ ಮಾತಾಡಿ ಬರ್ತೇನಿ" ಎಂದು ಹೇಳಿ ಬಾಗಲಕೋಟೆಗೆ ಹೋದೆ. ಅಪ್ಪ ಬಯ್ಯಲಿಲ್ಲ, ಅದೇ ದೊಡ್ಡ ನೋವು. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಗಾದಿ ಹಾಸಿ, "ಇದು ನಿನ್ನ ಜಾಗ. ಸಾಮಾನು ತಗೊಂಡು ಬಾ" ಎಂದರು. ನಾಲ್ಕು ದಿನ ಬೆಲ್ಲ ತೂಗಿ ನೋಡಿದೆ. ಅದರಲ್ಲೂ ನನಗೆ ಕೈಗುಣವಿರಲಿಲ್ಲ, ತಕ್ಕಡಿ ಯಾವಾಗಲೂ ಗಿರಾಕಿಯ ಕಡೆಗೇ ವಾಲುತ್ತಿತ್ತು. ಅಪ್ಪ ಮೆಲ್ಲಗೆ, "ಇಳಕಲ್ಲಿನಾಗ ಇನ್ನಷ್ಟು ದಿನ ನೋಡ್ತೀಯೇನು?" ಎಂದು ಕೇಳಿದರು.

ಇಳಕಲ್ಲಿನಲ್ಲಿ ಬಸ್ಸಿಳಿದು ಮನೆಯ ಹತ್ತಿರ ಬಂದರೆ ಕಟ್ಟೆಯ ಮುಂದೆ ಜನ. ಒಳಗೆ ಯಾರಿಗೇನಾಯಿತೋ ಎಂದು ಓಡಿದೆ. ನುಗ್ಗಿ ನೋಡಿದರೆ ಎಲ್ಲರೂ ಬಗ್ಗಿ ನಿಂತು ನೋಡುತ್ತಿದ್ದದ್ದು ಆ ಮೂರು ಕಡ್ಡಿಗಳನ್ನು. ಮೂರಕ್ಕೂ ಹಸಿರು ಎಲೆ! "ಚಿಗತಾವ್ರಿ, ಡಾಕ್ಟರ್ರ! ಸತ್ತ ಕಡ್ಡಿ ಚಿಗತಾವ!" ಎಂದು ಗಂಗವ್ವ ಕುಣಿದಾಡುವುದೊಂದು ಬಾಕಿ. ನಾನು ಅಲ್ಲೇ ಕೂತುಬಿಟ್ಟೆ. ಅಳು ಬಂತು ಎಂದರೆ ನೀವು ನಗುತ್ತೀರಿ, ಆದರೆ ಖರೆ ಬಂತು. ಮರುದಿನವೇ ಬಾಟಲಿಗಳು ತಿರುಗಿ ಬಂದವು.

ಕೆಲವು ತಿಂಗಳ ಮೇಲೆ ಗಿಡಗಳು ಹೂ ಬಿಟ್ಟವು. ನಡುವಿನದು ಮೊದಲು ಅರಳಿತು. ಬಿಳಿ. ಶಾರದಾಳ ತವರಿನ ಕೆಂಪು ಎಲ್ಲಿ ಹೋಯಿತೆಂದು ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಎಡಗಡೆಯದು ಕೇಸರಿ ಬಿಟ್ಟಿತು. ಬಲಗಡೆಯದು ಗುಲಾಬಿ ಬಣ್ಣ, ಅದೂ ಮುದ್ದೆ ದಾಸವಾಳ, ಎಸಳಿನ ಮೇಲೆ ಎಸಳು. ಒಂದೇ ತಾಯಿಯ ಮೂರು ಕಡ್ಡಿ, ಮೂರು ಬಣ್ಣ! ಊರು ಬೆರಗಾಯಿತು. "ಏನ್ ಕೈರಿ, ಏನ್ ಕೈಗುಣರಿ!" ಎಂದು ಹುನಗುಂದದಿಂದ ಕೂಡ ರೋಗಿಗಳು ಬಸ್ಸು ಹತ್ತಿ ಬರತೊಡಗಿದರು.

ನಾನು ಶಾರದಾಳನ್ನು ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿದೆ. "ಖರೆ ಹೇಳು."

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಬಿಳೀದು ನಂದು. ಇಲ್ಲೇ ನಮ್ಮ ಓಣಿ ಸಾಲಿ ಮಾಸ್ತರ್ರ ಹಿತ್ತಲದಾಗ ಬೇರು ಬಿಟ್ಟಿದ್ದಿತ್ತು, ತಂದು ಇಟ್ಟೆ. ನಾ ಒಂದ ಇಟ್ಟೀನ್ರಿ, ನಿಮ್ಮಾಣೆ!" ಎಂದಳು.

"ಉಳಿದೆರಡು?"

"ಮರುದಿನ ಎದ್ದು ನೋಡಿದ್ರ ಎಡಗಡೀದೂ ಚಿಗತಿತ್ತು. ಅದರ ಮರುದಿನ ಬಲಗಡೀದು. ನನಗೂ ಒಂದು ಗಳಿಗಿ ನಿಮ್ಮ ಕೈಗುಣಾನ ಇರಬೇಕು ಅನಿಸ್ತು ನೋಡ್ರಿ."

ಗಂಗವ್ವನ ಮಗ್ಗದ ಕೋಣೆಯ ಹಿಂದೆ ಕೇಸರಿ ದಾಸವಾಳವಿತ್ತು. ಈರಪ್ಪನ ಅಂಗಳದಲ್ಲಿ ಗುಲಾಬಿ ಮುದ್ದೆ ದಾಸವಾಳದ ಪಕ್ಕ ಗಿಡ ಕಿತ್ತು ಮುಚ್ಚಿದ ಗುಂಡಿಯ ಗುರುತಿತ್ತು. ಇಬ್ಬರನ್ನೂ ನಾನು ಕೇಳಲಿಲ್ಲ. ಕೇಳಿದ್ದರೆ ಇಬ್ಬರೂ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಕೈಗುಣವನ್ನೇ ಹೊಗಳುತ್ತಿದ್ದರು.

ಕೊನೆಗೆ ಮಲ್ಲಪ್ಪಜ್ಜನೂ ಬಂದ. "ಡಾಕ್ಟರ್ರ, ಮೊಣಕಾಲು ನಿಮಗ ಒಪ್ಪಿಸೀನಿ. ಆದ್ರ ಮೊದಲ ನಮ್ಮ ಅಂಗಳದಾಗ ನಿಮ್ಮ ಕೈಲೆ ಒಂದು ದಾಸಾಳ ಕಡ್ಡಿ ಹಚ್ಚಬೇಕು" ಎಂದು ಪಟ್ಟು ಹಿಡಿದ. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಓಣಿಯವರೆಲ್ಲ ನೋಡುತ್ತಿರುವಾಗ ಹೋಗಿ ನೆಟ್ಟು ಬಂದೆ. ನೆಟ್ಟ ಕ್ಷಣವೇ ಅದು ಸತ್ತಿತೆಂದು ನನ್ನ ಕೈಗೆ ಗೊತ್ತಾಯಿತು. ಕೆಲವು ದಿನ ಬಿಟ್ಟು, ಬೇರು ಬಿಟ್ಟ ಗಿಡವೊಂದನ್ನು ಸಂಪಾದಿಸಿ, ಔಷಧದ ಚೀಲದಲ್ಲಿ ಅಡಗಿಸಿಕೊಂಡು, ಅಜ್ಜ ಮಲಗುವ ಮಧ್ಯಾಹ್ನದ ಹೊತ್ತು ನೋಡಿ ಹೊರಟೆ. ಓಣಿಯ ತಿರುವಿನಲ್ಲಿ ಗಂಗವ್ವ ಎದುರಾದಳು. ಮೊಣಕೈಯವರೆಗೆ ಮಣ್ಣು.

"ಗುಡಿಗೆ ಹೋಗಿದ್ದೆ ನೋಡ್ರಿ" ಎಂದಳು, ಕೈ ಸೆರಗಿನಲ್ಲಿ ಒರೆಸಿಕೊಳ್ಳುತ್ತ.

"ನಾ ರೋಗಿ ನೋಡಾಕ ಹೊಂಟೀನ್ರಿ" ಎಂದೆ, ಚೀಲದಿಂದ ಇಣುಕುತ್ತಿದ್ದ ಎಲೆಯನ್ನು ಒಳಗೆ ತಳ್ಳುತ್ತ.

ಇಬ್ಬರೂ ಬಹಳ ಗಂಭೀರವಾಗಿ ನಮ್ಮ ನಮ್ಮ ದಾರಿ ಹಿಡಿದೆವು. ಅಜ್ಜನ ಅಂಗಳದ ಕಡ್ಡಿ ಸೊಂಪಾಗಿ ಚಿಗುರಿತ್ತು.

ಚೀಲದಲ್ಲಿ ಉಳಿದ ಗಿಡವನ್ನು ಮನೆಗೆ ತಂದು, ಯಾವ ರೋಗಿಯೂ ಕಾಲಿಡದ ಹಿತ್ತಲಲ್ಲಿ ನೆಟ್ಟೆ. ಬೇರಿದ್ದ ಗಿಡ, ಬದುಕದೆ ಎಲ್ಲಿ ಹೋದೀತು ಎಂದುಕೊಂಡೆ. ಎಂಟು ದಿನಕ್ಕೆ ಒಣಗಿತು. ನಗು ಬಂತು, ಸ್ವಲ್ಪ ಬೇಸರವೂ ಆಯಿತು, ಸುಮ್ಮನಾದೆ. ಮುಂದೆ ಶಾರದಾ ಮತ್ತೊಮ್ಮೆ ತವರಿಗೆ ಹೋಗಿ ಬಂದ ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅದೇ ಜಾಗದಲ್ಲಿ ಹಸಿರು ಗಿಡ, ತುದಿಯಲ್ಲೊಂದು ಕೆಂಪು ಮೊಗ್ಗು. ಬಾದಾಮಿಯ ಕೆಂಪು.

"ಅಲ್ಲಾ, ಹಿತ್ತಲಕ್ಕ ಯಾವ ರೋಗಿ ಬರ್ತಾನ?" ಎಂದು ಶಾರದಾಳನ್ನು ಕೇಳಿದೆ. "ಇಲ್ಲಿ ಯಾರು ನೋಡ್ತಾರಂತ ಬದಲಿ ಮಾಡಿದಿ?"

"ನೀವು ನೋಡ್ತೀರಲ್ರಿ" ಎಂದಳು.

ನೋಡುತ್ತೇನೆ. ದಿನಾ ಬೆಳಿಗ್ಗೆ ಹೋಗಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಗಟ್ಟಿಯಾಗಿ ಕಟ್ಟಿಕೊಂಡು, ದೂರದಿಂದಲೇ ನೋಡುತ್ತೇನೆ.