ಗಂಗಮ್ಮ ಕಾಣಲೇಬೇಕಾದ ವಿಡಿಯೋ

ಮದುವೆ ವಿಡಿಯೋದಲ್ಲಿ ಮದುಮಕ್ಕಳನ್ನು ಯಾರೂ ನೋಡುವುದಿಲ್ಲ. ಎಲ್ಲರೂ ತಮ್ಮನ್ನೇ ಹುಡುಕುತ್ತಾರೆ. ಹರಿಹರದ ನನ್ನ ನಾದಿನಿ ಗಂಗಮ್ಮ ನನ್ನ ಮಗನ ಮದುವೆ ಕ್ಯಾಸೆಟ್ ಪೂರ್ತಿ ನೋಡಿ, ತಾನು ಎಲ್ಲೂ ಇಲ್ಲವೆಂದು ನಮ್ಮ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟವಳು. ಎಲ್ಲರೂ ಕಾಡಿ ಬೇಡಿದ ಮೇಲೆ ಈಗ ನನ್ನ ಮೊಮ್ಮಗಳು ಕಾವ್ಯಾಳ ಮದುವೆಗೆ ಬರಲು ಒಪ್ಪಿದ್ದಳು. ಈ ಸಲವೂ ವಿಡಿಯೋದಲ್ಲಿ ಅವಳು ತಪ್ಪಿದರೆ ಸಂಬಂಧ ಮುಗಿದಂತೆಯೇ.

ಅಷ್ಟರಲ್ಲಿ ಕಾವ್ಯಾ ವಿದ್ಯಾನಗರದಿಂದ ಒಬ್ಬ ವಿಡಿಯೋದವನನ್ನು ಕರೆತಂದಳು. "ಸಿನಿಮ್ಯಾಟಿಕ್ ಅಂತಾರ್ರಿ ಅಜ್ಜಿ, ಐದೇ ನಿಮಿಷ" ಎಂದು ಅವನು ತಾನು ತೆಗೆದ ಬೇರೊಂದು ಮದುವೆಯ ವಿಡಿಯೋ ತೋರಿಸಲು ಮೊಬೈಲ್ ಹಿಡಿದ. ಮೊದಲು ಒಂದು ಜುಮಕಿ ಅಲುಗಾಡಿತು, ಅಲುಗಾಡುತ್ತಲೇ ಇತ್ತು. ಆಮೇಲೆ ಹರಿಹರದ ಹೊಳೆ ದಂಡೆಯಲ್ಲಿ ಹುಡುಗ ಹುಡುಗಿ ಓಡಿದರು.

"ಹಿಂಗ್ಯಾಕ ಓಡ್ತಾರೋ? ಕಾಲು ನೋಯ್ತಾವೇನು?"

"ಸ್ಲೋ ಮೋಷನ್ ಅಜ್ಜಿ."

"ಊಟದ ಪಂಕ್ತಿ ಎಲ್ಲೈತೆ?"

"ಇದ್ರಾಗ ಊಟದ್ದು ವಿಡಿಯೋ ತಗಳಲ್ರಿ. ಫೀಲ್ ಹೋಗ್ತೈತೆ."

"ಉಂಡವ್ರಿಗೆ ಫೀಲ್ ಇರಲ್ಲೇನು?"

ಕಾವ್ಯಾ ನಡುವೆ ಬಾಯಿ ಹಾಕಿದಳು. "ಜನ ಅನ್ನ ಸಾರು ಕಲಸೋದನ್ನ ಯಾರು ನೋಡ್ತಾರಜ್ಜಿ?"

"ಕಲಸಿದವ್ರೇ ನೋಡ್ತಾರೆ, ತಗಾ!"

ಕೊನೆಗೆ ಹೊಳೆ ದಂಡೆಯ ಓಟ ಅವಳದು, ಮದುವೆ ದಿನದ ವಿಡಿಯೋ ಹಳೇ ರೀತಿ ನನ್ನದು ಎಂದು ರಾಜಿಯಾಯಿತು.

ಮದುವೆಯಲ್ಲಿ ಆ ಮನುಷ್ಯ ಕಣ್ಣು ತಪ್ಪಿದರೆ ಹೂವಿನ ಕಡೆ ಹೋಗುತ್ತಿದ್ದ. ನಾನು ಅವನ ಬೆನ್ನು ಬಿಡಲಿಲ್ಲ. ಪಂಕ್ತಿಯಲ್ಲಿ ಕ್ಯಾಮೆರಾ ಎದುರಿಗೆ ಬಂದರೆ ಜನ ತುತ್ತು ನುಂಗದೆ, ಉಗಿಯದೆ ಗೊಂಬೆಯಂತೆ ಕೂತುಬಿಡುತ್ತಾರೆ. ಗಂಗಮ್ಮ ಹಾಗಲ್ಲ. ಕ್ಯಾಮೆರಾ ಕಂಡ ಕೂಡಲೇ ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು. ಅವಳು ಆಟೋ ಇಳಿದದ್ದು, ಅಕ್ಕಿಕಾಳು ಹಾಕಿದ್ದು, ಕೈ ತೊಳೆದದ್ದು, ಒಂದನ್ನೂ ಅವನಿಗೆ ಬಿಡಗೊಡಲಿಲ್ಲ.

ವಿಡಿಯೋ ಬಂದ ದಿನ ಗಂಗಮ್ಮನನ್ನು ಕರೆಸಿ ಟಿವಿ ಮುಂದೆ ಕೂರಿಸಿದೆ. ತನ್ನನ್ನು ತಾನು ಕಣ್ತುಂಬ ನೋಡಿಕೊಂಡಳು. ಚಹಾ ಕುಡಿದಳು. ಇನ್ನರ್ಧ ಲೋಟ ಕೇಳಿಯೂ ಕುಡಿದಳು. ನನ್ನ ಜೀವ ತಣ್ಣಗಾಯಿತು. ಆಗ ಕೇಳಿದಳು: "ಅಲ್ಲ ಅತ್ತಿಗೆಮ್ಮ, ನೀನೆಲ್ಲಿ?"

ಕೊನೆಯವರೆಗೂ ನೋಡಿದೆವು. ನಾನಿಲ್ಲ. ಕ್ಯಾಮೆರಾ ಹಿಂದಿನಿಂದ "ಏ, ಆ ಹೂವು ಬಿಡೋ, ಗಂಗಮ್ಮನ್ನ ತಗಾ!" ಎಂಬ ನನ್ನ ಗಂಟಲು ಮಾತ್ರ ಮಂಗಳವಾದ್ಯಕ್ಕಿಂತ ಜೋರಾಗಿ ಕೇಳುತ್ತಿತ್ತು.

"ಹೋಗ್ಲಿ ಬಿಡು, ವಿಡಿಯೋದಾಗ ಏನೈತೆ" ಎಂದು ಗಂಗಮ್ಮ ನನಗೇ ಸಮಾಧಾನ ಹೇಳಿದಳು. ಮೈಯೆಲ್ಲ ಉರಿಯಿತು. ಸಿಟ್ಟು ಮಾಡಿಕೊಂಡು ಎದ್ದು ಹೋಗೋಣವೆಂದರೆ, ಅದು ನನ್ನದೇ ಮನೆ.